ಸಾರ್ಲಾದ ಸುತ್ತ ಐದು ಹಗಲು

ಅಕ್ಟೋಬರ್ ಕೊನೆಯ ಹೊತ್ತಿಗೆ ಫ್ರಾನ್ಸಿನ ಶಾಲೆಗಳಿಗೆ ತೂಸಾಂ ರಜೆ ಇರುತ್ತದೆ. ತುಲೂಸ್ ನಗರದಲ್ಲಿರುವ ನನ್ನ ತಂಗಿ ಆ ರಜೆಯನ್ನು ನೋಡಿಕೊಂಡೇ ನನ್ನನ್ನೂ ಅಮ್ಮನನ್ನೂ ಮೈಸೂರಿನಿಂದ ಕರೆಸಿಕೊಂಡಿದ್ದಳು. ಅವಳ ಮನೆಯಲ್ಲಿ ಒಂದು ವಾರ ಕಳೆದ ಮೇಲೆ, ಅಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆ ಉತ್ತರಕ್ಕಿರುವ ಸಾರ್ಲಾ ಪಟ್ಟಣದ ಹೊರವಲಯದಲ್ಲಿ ಒಂದು ಹಳೆಯ ಕಲ್ಲುಮನೆಯನ್ನು ಆರು ರಾತ್ರಿಗಳಿಗೆ ಬಾಡಿಗೆಗೆ ಹಿಡಿದೆವು. ಹಳ್ಳಿಗಾಡಿನ ಇಂಥ ಮನೆಗಳಿಗೆ ಅಲ್ಲಿ ಝೀತ್ ಎನ್ನುತ್ತಾರೆ. ಒಲೆ, ಪಾತ್ರೆ, ಹಾಸಿಗೆ ಎಲ್ಲವೂ ಇರುತ್ತವೆ, ನಮ್ಮ ಅಡುಗೆಯನ್ನು ನಾವೇ ಮಾಡಿಕೊಳ್ಳಬಹುದು. ಶನಿವಾರ ಸಂಜೆ ತಲುಪಿ ಮುಂದಿನ ಶುಕ್ರವಾರ ಬೆಳಗ್ಗೆ ಹೊರಡುವುದೆಂದರೆ ಕೈಯಲ್ಲಿ ಉಳಿಯುವುದು ಐದು ಹಗಲು ಮಾತ್ರ. ನೋಡಬೇಕಾದದ್ದು ಮಾತ್ರ ಐವತ್ತು ದಿನಕ್ಕೂ ಸಾಲುವಷ್ಟಿದೆ.

ಈ ಸೀಮೆಗೆ ಪೆರಿಗೋರ್ ನ್ವಾರ್, ಎಂದರೆ ಕಪ್ಪು ಪೆರಿಗೋರ್, ಎಂದು ಹೆಸರು. ಓಕ್ ಮರಗಳ ದಟ್ಟ ಕಾಡು ದೂರದಿಂದ ಕಪ್ಪಗೆ ಕಾಣುವುದರಿಂದ ಆ ಹೆಸರು ಬಂದಿದೆ. ಎರಡು ನದಿಗಳು ಇಲ್ಲಿನ ನೆಲವನ್ನು ಕೊರೆದುಕೊಂಡು ಹರಿಯುತ್ತವೆ. ಸಾರ್ಲಾದಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ದೋರ್ದೊನ್ ನದಿ, ಅದರ ದಡದ ಬಂಡೆಗಳ ಮೇಲೆ ಕೋಟೆಗಳು; ವಾಯವ್ಯಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಹೋದರೆ ವೆಜೇರ್ ನದಿ, ಅದರ ಸುಣ್ಣಕಲ್ಲಿನ ಗೋಡೆಗಳಲ್ಲಿ ಆದಿಮಾನವರ ಗುಹೆಗಳು. ಪಶ್ಚಿಮದಲ್ಲಿ ಲಿಮೈ ಎಂಬ ಊರಿನ ಬಳಿ ಎರಡೂ ಕೂಡುತ್ತವೆ. ಈ ನಕ್ಷೆಯನ್ನು ಮೊದಲ ರಾತ್ರಿಯೇ ಹರಡಿಕೊಂಡು ನೋಡಿದ್ದರೆ ಭಾನುವಾರದ ದಿನ ಹಾಳಾಗುತ್ತಿರಲಿಲ್ಲ. ನಾವು ನಕ್ಷೆಯನ್ನು ನೋಡಲಿಲ್ಲ. ಪ್ರಸಿದ್ಧ ಸ್ಥಳಗಳ ಹೆಸರುಗಳನ್ನು ನೋಡಿದೆವು.

ಭಾನುವಾರ ಬೆಳಗ್ಗೆ ರೊಕಾಮಾದೂರ್, ಮಧ್ಯಾಹ್ನ ಎರಡೂವರೆಗೆ ಪಾದಿರಾಕ್ ಗುಹೆ, ಸಂಜೆಗೆ ಸಾರ್ಲಾದ ಹಳೆಯ ಬೀದಿಗಳು ಎಂದು ನಿಶ್ಚಯಿಸಿದೆವು. ಪಾದಿರಾಕ್ ಎಂದರೆ ನೆಲದಲ್ಲಿ ಬಾಯಿ ತೆರೆದ ದೊಡ್ಡ ಕುಳಿ. 1889ರಲ್ಲಿ ಎದುವಾರ್ ಆಲ್ಫ್ರೆಡ್ ಮಾರ್ತೆಲ್ ಅದರೊಳಗಿಳಿದು ಶೋಧಿಸಿದರು. ಸುಮಾರು ನೂರು ಮೀಟರ್ ಆಳದಲ್ಲಿ ಹರಿಯುವ ನದಿಯ ಮೇಲೆ ಈಗ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ತಂಗಿ ಟಿಕೆಟನ್ನು ಮುಂಚಿತವಾಗಿಯೇ ಕಾಯ್ದಿರಿಸಿದ್ದಳು. ಆದರೆ ನಾವು ಮನೆ ಬಿಟ್ಟಾಗಲೇ ಹತ್ತೂವರೆ. ಐವತ್ತು ಕಿಲೋಮೀಟರ್ ಎಂದರೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಎಂಬ ಅಂದಾಜು ತಲೆಯಲ್ಲಿತ್ತು. ಇಲ್ಲಿನ ರಸ್ತೆ ಗುಡ್ಡವನ್ನು ಸುತ್ತಿ, ಹಳ್ಳಿಯ ನಡುವೆ ತೂರಿ, ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಬದಿಗೆ ಸರಿದು ನಿಂತು ಸಾಗುವಂಥದ್ದು. ಒಂದೂಕಾಲು ಗಂಟೆ ಹಿಡಿಯಿತು.

ರೊಕಾಮಾದೂರ್ ಕಡಿದಾದ ಬಂಡೆಗೆ ಅಂಟಿಕೊಂಡಿರುವ ಯಾತ್ರಾಸ್ಥಳ. ಕೆಳಗಿನ ಬೀದಿಯಿಂದ ದೇವಾಲಯಗಳ ಅಂಗಳಕ್ಕೆ 216 ಮೆಟ್ಟಿಲುಗಳಿವೆ. ಹಿಂದಿನ ಕಾಲದ ಯಾತ್ರಿಕರು ಅವುಗಳನ್ನು ಮೊಣಕಾಲೂರಿ ಹತ್ತುತ್ತಿದ್ದರಂತೆ. ಎಪ್ಪತ್ತೊಂದು ವರ್ಷದ ಅಮ್ಮ ಅರ್ಧದವರೆಗೆ ಹತ್ತಿ, ಗೋಡೆಗೆ ಕೈಯೂರಿ ಕುಳಿತುಬಿಟ್ಟರು. ಮೇಲಕ್ಕೆ ಹೋಗಲು ಹಣ ಕೊಟ್ಟು ಹತ್ತುವ ಲಿಫ್ಟ್ ಇದೆ ಎಂಬುದು ನಮಗೆ ತಿಳಿದದ್ದು ಇಳಿದು ಬಂದ ಮೇಲೆ. ಊಟಕ್ಕೆ ಹುಡುಕುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಆಮೇಲೆ ಅಡುಗೆಮನೆ ಮುಚ್ಚಿತೆಂದರೆ ರಾತ್ರಿ ಏಳರವರೆಗೆ ತೆರೆಯುವುದಿಲ್ಲ. ನಾವು ಕೇಳಿದ ಎರಡೂ ಕಡೆ ಮರ್ಯಾದೆಯಿಂದಲೇ ಇಲ್ಲವೆಂದರು. ಬ್ಯಾಗಿನಲ್ಲಿದ್ದ ಬಿಸ್ಕತ್ತು ತಿಂದು ಪಾದಿರಾಕ್ ತಲುಪುವಷ್ಟರಲ್ಲಿ ನಮ್ಮ ಟಿಕೆಟಿನ ಹೊತ್ತು ಮೀರಿತ್ತು. ಅದು ಅಕ್ಟೋಬರ್‌ನ ಕೊನೆಯ ಭಾನುವಾರ, ಯುರೋಪಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಆರು ಗಂಟೆಗೆಲ್ಲ ಕತ್ತಲು ಕವಿಯಿತು. ಕಾಡಿನ ರಸ್ತೆಯಲ್ಲಿ ದೀಪ ಹಾಕಿಕೊಂಡು ನಿಧಾನವಾಗಿ ಮರಳುವಾಗ ಹಿಂದಿನ ಸೀಟಿನಿಂದ ಅಮ್ಮ ಕೇಳಿದ್ದು ಇಷ್ಟೇ: “ನಾವು ನೋಡೋಕೆ ಬಂದದ್ದೋ, ಓಡೋಕೆ ಬಂದದ್ದೋ ಕಣೇ?”

ಆ ರಾತ್ರಿ ಅನ್ನ ಸಾರು ಮಾಡಿ ಉಂಡು, ನಕ್ಷೆ ಹಾಸಿಕೊಂಡು ಕುಳಿತೆವು. ಉಳಿದಿದ್ದ ನಾಲ್ಕು ಹಗಲುಗಳನ್ನು ಊರುಗಳಿಗೆ ಹಂಚುವುದನ್ನು ಬಿಟ್ಟು ದಿಕ್ಕುಗಳಿಗೆ ಹಂಚಿದೆವು: ಒಂದು ದಿನಕ್ಕೆ ಒಂದೇ ಕಣಿವೆ, ಅದೂ ಮನೆಯಿಂದ ಮುಕ್ಕಾಲು ಗಂಟೆಗಿಂತ ಹೆಚ್ಚು ದೂರವಿರಬಾರದು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ನಡುವೆ ಡಬ್ಬಿಯೂಟ; ಐದು ಗಂಟೆಗೆ ಮನೆಯ ಕಡೆ ಮುಖ. ವಾರದ ದಿನಗಳನ್ನೂ ಗಮನಿಸಿದೆವು, ಏಕೆಂದರೆ ಇಲ್ಲಿ ಸಂತೆಗೂ ವಾರವಿದೆ, ರಜೆಗೂ ವಾರವಿದೆ. ಸಾರ್ಲಾದ ಸಂತೆ ಬುಧವಾರ ಮತ್ತು ಶನಿವಾರ. ಲೆಜೇಜಿ ಊರಿನಲ್ಲಿರುವ ರಾಷ್ಟ್ರೀಯ ಪ್ರಾಗಿತಿಹಾಸ ವಸ್ತುಸಂಗ್ರಹಾಲಯಕ್ಕೆ, ಬೇಸಿಗೆಯ ಎರಡು ತಿಂಗಳು ಬಿಟ್ಟರೆ, ಮಂಗಳವಾರ ರಜೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ನಮ್ಮಲ್ಲಿ ಅಮ್ಮನಿಗೆ ಮೊಣಕಾಲು ನೋವು, ತಂಗಿಯ ಮಗನಿಗೆ ಒಂಬತ್ತು ವರ್ಷ. ಇಬ್ಬರನ್ನೂ ಒಂದೇ ಕಡೆ ಎಳೆದೊಯ್ದರೆ ಒಬ್ಬರು ಕಾಯುತ್ತಾರೆ, ಇನ್ನೊಬ್ಬರು ಬೇಸರಗೊಳ್ಳುತ್ತಾರೆ. ಆದ್ದರಿಂದ, ಎಲ್ಲರಿಗೂ ಒಟ್ಟಿಗೆ ಹಿಡಿಸುವ ಸ್ಥಳವನ್ನು ಮೊದಲು ಆರಿಸಬೇಕು, ಅದು ಸಿಗದಿದ್ದರೆ ಎರಡು ಗುಂಪಾಗಿ ಬೇರ್ಪಟ್ಟು ಎರಡು ಗಂಟೆಯ ಮೇಲೆ ಮತ್ತೆ ಕೂಡಬಹುದಾದ ಊರನ್ನು ಆರಿಸಬೇಕು ಎಂದು ತೀರ್ಮಾನಿಸಿದೆವು. ಹಿರಿಯರನ್ನೂ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗುವವರಿಗೆ ನಾನು ಧೈರ್ಯವಾಗಿ ಹೇಳಬಲ್ಲ ಮಾತು ಇದೊಂದೇ.

ಗುಹೆಗಳ ವಿಷಯದಲ್ಲಿ ಆಯ್ಕೆ ಕಷ್ಟವಾಯಿತು. ಈ ಕಡೆಗೆ ಬರುವ ಎಲ್ಲರೂ ಮೊದಲು ಕೇಳುವುದು ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆಯನ್ನು. 1940ರ ಸೆಪ್ಟೆಂಬರ್‌ನಲ್ಲಿ ಮೊಂತಿನ್ಯಾಕ್ ಊರಿನ ಬಳಿ ಹುಡುಗರ ಗುಂಪೊಂದು ಕಂಡುಹಿಡಿದ ಆ ಗುಹೆಯನ್ನು 1948ರಲ್ಲಿ ಸಾರ್ವಜನಿಕರಿಗೆ ತೆರೆದರು. ನೋಡಲು ಬಂದವರ ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಗೋಡೆಗಳ ಮೇಲೆ ಹಸಿರು ಪಾಚಿ, ಬಿಳಿಯ ಸುಣ್ಣದ ಪೊರೆ ಹಬ್ಬತೊಡಗಿದಾಗ, ಸಂಸ್ಕೃತಿ ಸಚಿವರಾಗಿದ್ದ ಆಂದ್ರೆ ಮಾಲ್ರೋ 1963ರಲ್ಲಿ ಅದನ್ನು ಮುಚ್ಚಿಸಿದರು. ಈಗ ಜನ ನೋಡುವುದು ಪ್ರತಿಕೃತಿಯನ್ನು: 1983ರಲ್ಲಿ ಒಂದು, 2016ರ ಡಿಸೆಂಬರ್‌ನಲ್ಲಿ ಪೂರ್ತಿಯಾದ ಇನ್ನೊಂದು ತೆರೆಯಿತು. ಹೊಸದನ್ನು ಬಹಳ ನಿಷ್ಠೆಯಿಂದ ಮಾಡಿದ್ದಾರೆ, ನೆಲ ಸಮವಾಗಿದೆ, ಗಾಲಿಕುರ್ಚಿಯೂ ಹೋಗುತ್ತದೆ ಎಂದು ನೋಡಿಬಂದ ತಂಗಿಯ ಗೆಳತಿಯರು ಹೇಳಿದ್ದರು. ಗುಹೆ ಉಳಿಯಲಿ ಎಂದು ತಾವೇ ಬಾಗಿಲು ಹಾಕಿಕೊಂಡ ಆ ನಿರ್ಧಾರದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ನಾವು ಲಾಸ್ಕೋವನ್ನು ಬಿಟ್ಟೆವು. ಇದೇ ಕಣಿವೆಯಲ್ಲಿ ಮೂಲ ಚಿತ್ರಗಳನ್ನೇ ಇನ್ನೂ ನೋಡಬಹುದಾದ ಗುಹೆಗಳಿರುವಾಗ, ನಾಲ್ಕೇ ದಿನ ಇರುವವರು ಮೂಲವನ್ನು ನೋಡಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಸೋಮವಾರ ರೂಫಿನ್ಯಾಕ್‌ಗೆ ಹೋದೆವು. ಅದನ್ನು ಆರಿಸಲು ಕಾರಣ ಅಲ್ಲಿನ ರೈಲು. ಸುಮಾರು ಎಂಟು ಕಿಲೋಮೀಟರ್ ಉದ್ದದ ಆ ಗುಹೆಯೊಳಗೆ ವಿದ್ಯುತ್ತಿನಿಂದ ಓಡುವ ಚಿಕ್ಕ ತೆರೆದ ರೈಲಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ; ಅಮ್ಮನಿಗೆ ನಡೆಯುವ ಕಷ್ಟವಿಲ್ಲ, ಹುಡುಗನಿಗೆ ರೈಲೇ ಒಂದು ಹಬ್ಬ. ಒಳಗೆ ಬೇಸಿಗೆ ಚಳಿಗಾಲ ಎರಡರಲ್ಲೂ ಸುಮಾರು 13 ಡಿಗ್ರಿ, ಶಾಲು ಬೇಕೇಬೇಕು. ರೈಲು ಅಲ್ಲಲ್ಲಿ ನಿಲ್ಲುತ್ತದೆ. ಮೊದಲು ತೋರಿಸಿದ್ದು ಚಿತ್ರವನ್ನಲ್ಲ, ನೆಲದ ಜೇಡಿಯಲ್ಲಿನ ಬಾನಿಯಂಥ ಗುಂಡಿಗಳನ್ನು. ಮನುಷ್ಯರು ಬರುವ ಎಷ್ಟೋ ಮೊದಲು ಕರಡಿಗಳು ಚಳಿಗಾಲದ ನಿದ್ರೆಗೆಂದು ಕೆದರಿಕೊಂಡ ಹಾಸಿಗೆಗಳು ಅವು. ಗೋಡೆಯ ಮೇಲೆ ಅವುಗಳ ಉಗುರಿನ ಗೆರೆಗಳು ನೆನ್ನೆ ಎಳೆದಷ್ಟು ಸ್ಪಷ್ಟವಾಗಿದ್ದವು. ಆಮೇಲೆ ಮ್ಯಾಮತ್‌ಗಳು, ಎಂದರೆ ಈಗ ಅಳಿದುಹೋಗಿರುವ, ಮೈತುಂಬ ಕೂದಲಿದ್ದ ಆನೆಗಳು. ಈ ಒಂದು ಗುಹೆಯಲ್ಲೇ ನೂರೈವತ್ತಕ್ಕೂ ಹೆಚ್ಚು ಮ್ಯಾಮತ್ ಚಿತ್ರಗಳಿವೆ. ಕಪ್ಪು ಗೆರೆಯೊಂದನ್ನು ಕೈ ಎತ್ತದೆ ಎಳೆದಂತಿದೆ: ತಲೆಯ ಉಬ್ಬು, ಬೆನ್ನಿನ ಇಳಿಜಾರು, ಇಳಿಬಿದ್ದ ಕೂದಲು, ಚಿಕ್ಕದೊಂದು ಕಣ್ಣು. ದಸರೆಯ ಆನೆಗಳನ್ನು ಹುಟ್ಟಿದಾಗಿನಿಂದ ನೋಡಿದ ಅಮ್ಮ ಆ ತಲೆಯ ಗೆರೆಯನ್ನೇ ನೋಡುತ್ತ, ಇದನ್ನು ಬರೆದವರು ಆನೆಯ ಜೊತೆ ಬಾಳಿದವರೇ ಇರಬೇಕು, ನೋಡದೆ ಬರೆದರೆ ಹೀಗೆ ಬರುವುದಿಲ್ಲ ಎಂದರು.

ಕೊನೆಯ ನಿಲುಗಡೆ ದೊಡ್ಡ ಚಾವಣಿ. ಅಲ್ಲಿ ಇಳಿದು ತಲೆಯೆತ್ತಿ ನಿಂತರೆ ಮ್ಯಾಮತ್, ಕುದುರೆ, ಕಾಡುಕೋಣ, ಕಾಡುಮೇಕೆಗಳು ಒಂದರ ಮೇಲೊಂದು ಹರಡಿವೆ. ಈಗ ಪ್ರವಾಸಿಗರು ನಿಲ್ಲಲೆಂದು ನೆಲವನ್ನು ಅಗೆದು ತಗ್ಗಿಸಿದ್ದಾರೆ. ಚಿತ್ರ ಬರೆದವರಿಗೆ ಅಲ್ಲಿ ನಿಲ್ಲುವಷ್ಟು ಎತ್ತರವಿರಲಿಲ್ಲ, ಮಲಗಿಕೊಂಡೋ ಕುಕ್ಕುರುಗಾಲಿನಲ್ಲಿ ಕುಳಿತೋ, ಕೈಗೆಟುಕುವ ಚಾವಣಿಯ ಮೇಲೆ, ಇಡೀ ಚಿತ್ರವನ್ನು ಒಮ್ಮೆಗೇ ಕಾಣಲಾಗದೆ ಬರೆದರು. ಅವುಗಳ ನಡುವೆಯೇ ಹಿಂದಿನ ಶತಮಾನಗಳ ಪ್ರವಾಸಿಗರು ದೀಪದ ಹೊಗೆಯಿಂದ ತಮ್ಮ ಹೆಸರುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹೋಗಿದ್ದಾರೆ. ಅವರಿಗೆ ಪಕ್ಕದಲ್ಲೇ ಇದ್ದ ಮ್ಯಾಮತ್ ಕಾಣಲಿಲ್ಲವೋ, ಕಂಡರೂ ಅದರ ಬೆಲೆ ತಿಳಿಯಲಿಲ್ಲವೋ. ವಿದ್ವಾಂಸರು ಈ ಚಿತ್ರಗಳನ್ನು ಗುರುತಿಸಿದ್ದು 1956ರಲ್ಲಿ.

ಮಂಗಳವಾರ ದೋರ್ದೊನ್ ಕಡೆಗೆ. ಬೆಳಗ್ಗೆ ಲಾ ರೋಕ್ ಗಾಜಾಕ್ ಎಂಬ ಊರಿನಲ್ಲಿ ಚಪ್ಪಟೆ ತಳದ ದೋಣಿ ಹತ್ತಿದೆವು. ಗಾಬಾರ್ ಎನ್ನುವ ಈ ದೋಣಿಗಳು ರೈಲು ಬರುವ ಮೊದಲು ಮೇಲಿನ ಸೀಮೆಯ ಮರವನ್ನೂ ಇಲ್ಲಿನ ದ್ರಾಕ್ಷಾರಸವನ್ನೂ ಹೊಳೆಯ ಕೆಳಕ್ಕೆ ಸಾಗಿಸುತ್ತಿದ್ದವು; ಸೆಳವಿಗೆ ಎದುರಾಗಿ ಮರಳುವುದು ಕಷ್ಟವಾದ್ದರಿಂದ ಹಲವನ್ನು ಕೊನೆಯ ರೇವಿನಲ್ಲೇ ಬಿಚ್ಚಿ ಸೌದೆಗೆ ಮಾರುತ್ತಿದ್ದರು. ಊರು ಬಂಡೆಗೂ ನೀರಿಗೂ ನಡುವಿನ ಒಂದು ಪಟ್ಟಿಯಷ್ಟಿದೆ. ಹಿಂದಿನ ಗೋಡೆ ದಕ್ಷಿಣದ ಬಿಸಿಲನ್ನು ಹಿಡಿದಿಡುವುದರಿಂದ ಅಲ್ಲಿ ತಾಳೆ, ಬಾಳೆ ಗಿಡಗಳು ಬೆಳೆಯುತ್ತವೆ. ಅದೇ ಗೋಡೆ 1957ರಲ್ಲಿ ಕುಸಿದು ಮೂವರನ್ನು ಬಲಿ ತೆಗೆದುಕೊಂಡಿತು. ಒಂದು ಗಂಟೆ ಕುಳಿತ ಜಾಗದಲ್ಲೇ ಎಲ್ಲವನ್ನೂ ನೋಡಿದ್ದರಿಂದ ಮಧ್ಯಾಹ್ನಕ್ಕೂ ಅಮ್ಮನ ಕಾಲಿನಲ್ಲಿ ಶಕ್ತಿ ಉಳಿದಿತ್ತು.

ಮಧ್ಯಾಹ್ನ ಮೊದಲ ಸಲ ಎರಡು ಗುಂಪಾದೆವು. ಕಾಸ್ತೆಲ್ನೋ ಕೋಟೆಯಲ್ಲಿ ಮಧ್ಯಯುಗದ ಯುದ್ಧೋಪಕರಣಗಳ ಸಂಗ್ರಹವಿದೆ. ಕಲ್ಲೆಸೆಯುವ ದೈತ್ಯ ಯಂತ್ರಗಳನ್ನು ಬುರುಜಿನ ಮೇಲೆ ನಿಲ್ಲಿಸಿದ್ದಾರೆ. ಶತವರ್ಷಗಳ ಯುದ್ಧದಲ್ಲಿ ಈ ಕೋಟೆ ಬಹುಕಾಲ ಇಂಗ್ಲಿಷರ ಪಕ್ಷದಲ್ಲಿತ್ತು, ನದಿಯಾಚೆ ಎದುರಿಗೇ ಕಾಣುವ ಬೇನಾಕ್ ಫ್ರೆಂಚರ ಪಕ್ಷದಲ್ಲಿತ್ತು. ಏರುದಾರಿ ಕಡಿದಾಗಿರುವುದರಿಂದ ನಾನೂ ಹುಡುಗನೂ ಇಲ್ಲಿ ಇಳಿದುಕೊಂಡೆವು. “ದೊಡ್ಡಮ್ಮ, ಆ ಕೋಟೆಯವರಿಗೆ ಇವರ ಅಡುಗೆಮನೆ ಹೊಗೆ ಕಾಣಿಸ್ತಿತ್ತಲ್ವಾ?” ಎಂದು ಅವನು ಕೇಳಿದ, ಖಂಡಿತ ಕಾಣಿಸುತ್ತಿತ್ತು, ನಡುವೆ ಇರುವುದು ಒಂದು ಹೊಳೆ ಮತ್ತು ಕೆಲವು ಹೊಲಗಳು ಮಾತ್ರ.

ತಂಗಿ ಅಮ್ಮನನ್ನು ಕೆಲವೇ ಕಿಲೋಮೀಟರ್ ಆಚೆಯ ಮಿಲಾಂದ್ ಮಹಲಿಗೆ ಕರೆದೊಯ್ದಳು. ಅಮೆರಿಕದಲ್ಲಿ ಬಡತನದಲ್ಲಿ ಹುಟ್ಟಿ ಪ್ಯಾರಿಸ್ಸಿನ ರಂಗಮಂಚದಲ್ಲಿ ಹೆಸರಾದ ಜೋಸೆಫಿನ್ ಬೇಕರ್ 1947ರಲ್ಲಿ ಕೊಂಡುಕೊಂಡ ಮನೆ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕೆ ಜರ್ಮನರ ವಿರುದ್ಧದ ಫ್ರೆಂಚ್ ಪ್ರತಿರೋಧಕ್ಕೆ ಕೆಲಸ ಮಾಡಿದ್ದರು. ಬೇರೆ ಬೇರೆ ದೇಶಗಳ ಹನ್ನೆರಡು ಮಕ್ಕಳನ್ನು ದತ್ತು ಪಡೆದು ಈ ಮನೆಯಲ್ಲಿ ಸಾಕಿದರು. ಸಾಲ ತೀರಿಸಲಾಗದೆ ಮನೆ ಹರಾಜಾಗಿ, 1969ರಲ್ಲಿ ಅವರನ್ನು ಹೊರಹಾಕಿದಾಗ ಅಡುಗೆಮನೆಯ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. 2021ರ ನವೆಂಬರ್ 30ರಂದು ಫ್ರಾನ್ಸ್ ಅವರಿಗೆ ತನ್ನ ಮಹನೀಯರ ಸ್ಮಾರಕವಾದ ಪ್ಯಾರಿಸ್ಸಿನ ಪ್ಯಾಂಥಿಯನ್‌ನಲ್ಲಿ ಸ್ಥಾನ ಕೊಟ್ಟಿತು. ಸಂಜೆ ಕೋಟೆಯ ಯಂತ್ರಗಳ ವರ್ಣನೆ ಮುಗಿದ ಮೇಲೆ ಅಮ್ಮ ಆ ಮೆಟ್ಟಿಲಿನ ವಿಷಯವನ್ನೇ ಎರಡು ಸಲ ಹೇಳಿದರು.

ಬುಧವಾರ ಕಾರನ್ನು ಹೆಚ್ಚು ತೆಗೆಯಲಿಲ್ಲ. ಹತ್ತಿರವಿದೆ, ಯಾವಾಗಲಾದರೂ ನೋಡಬಹುದು ಎಂದು ತಂಗಿದ ಊರನ್ನೇ ಕೊನೆಗೆ ತಳ್ಳಿ, ನೋಡದೆ ಹೊರಟುಬಿಡುವವರು ಬಹಳ ಮಂದಿ. ಸಾರ್ಲಾ ಹಾಗೆ ಬಿಡುವ ಊರಲ್ಲ. ಹಳೆಯ ಪಟ್ಟಣಗಳನ್ನು ಇಡಿಯಾಗಿ ಉಳಿಸಿಕೊಳ್ಳಲೆಂದು ಮಾಲ್ರೋ ಅವರ ಕಾಲದಲ್ಲಿ, 1962ರಲ್ಲಿ, ಬಂದ ಕಾನೂನಿನಡಿ ಮೊದಮೊದಲು ಜೀರ್ಣೋದ್ಧಾರಗೊಂಡ ಊರುಗಳಲ್ಲಿ ಇದೂ ಒಂದು. ಜೇನಿನ ಬಣ್ಣದ ಕಲ್ಲಿನ ಮನೆಗಳಿಗೆ ಕಲ್ಲಿನದೇ ಹೆಂಚು. ಸೇಂತ್ ಮಾರಿ ಎಂಬ ಹಳೆಯ ಚರ್ಚಿನ ಕಟ್ಟಡಕ್ಕೆ ವಾಸ್ತುಶಿಲ್ಪಿ ಜ್ಯಾಂ ನೂವೆಲ್ ಬೃಹತ್ ಉಕ್ಕಿನ ಬಾಗಿಲುಗಳನ್ನು ಕೂರಿಸಿ ಒಳಾಂಗಣ ಮಾರುಕಟ್ಟೆ ಮಾಡಿದ್ದಾರೆ. ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು: ಈ ಸೀಮೆ ಬಾತುಕೋಳಿ ಮತ್ತು ಹೆಬ್ಬಾತುಗಳದ್ದು, ಸಾರ್ಲಾದ ಹೆಸರಿನಲ್ಲೇ ಇರುವ ಆಲೂಗಡ್ಡೆಯ ಪಲ್ಯವನ್ನೂ ಬಾತಿನ ಕೊಬ್ಬಿನಲ್ಲೇ ಹುರಿಯುತ್ತಾರೆ. ತರಕಾರಿಯೆಂದು ನೋಡಿ ತರಿಸಿಕೊಳ್ಳಬಾರದು. ನಮಗೆ ಸಂತೆಯಲ್ಲಿ ಸಿಕ್ಕಿದ್ದು ಮೇಕೆಹಾಲಿನ ಚಿಕ್ಕ ದುಂಡು ಚೀಸ್, ಚೆಸ್ಟ್‌ನಟ್, ಮತ್ತು ಆಗತಾನೇ ಮರದಿಂದ ಉದುರಿದ ಅಕ್ರೋಟ್. ಒಣಗಿದ ಅಕ್ರೋಟನ್ನಷ್ಟೇ ತಿಂದವರಿಗೆ ಹಸಿಯದರ ರುಚಿ ಬೇರೆಯೇ: ಒಳಗಿನ ತೆಳು ಸಿಪ್ಪೆ ಉಗುರಿಗೆ ಬಿಡಿಸಿಕೊಂಡು ಬರುತ್ತದೆ, ಬಿಳಿಯ ತಿರುಳು ಎಳೆಯ ಕೊಬ್ಬರಿಯಂತೆ ಹಾಲುಹಾಲಾಗಿರುತ್ತದೆ.

ಮಧ್ಯಾಹ್ನ ಹತ್ತು ಕಿಲೋಮೀಟರಿನೊಳಗೆ ಸೇಂತ್ ನತಾಲೆನ್ ಎಂಬ ಹಳ್ಳಿಯ ನೀರ್ಗಿರಣಿಗೆ ಹೋದೆವು. ಅಕ್ರೋಟ್ ತಿರುಳನ್ನು ಕಲ್ಲಿನ ಗುಂಡು ಸುತ್ತಿ ಸುತ್ತಿ ಅರೆಯುತ್ತದೆ, ಹಿಟ್ಟನ್ನು ಸೌದೆಯ ಒಲೆಯ ಮೇಲೆ ಹದವಾಗಿ ಬಿಸಿ ಮಾಡುತ್ತಾರೆ, ಆಮೇಲೆ ಎಣ್ಣೆ ಹಿಂಡಲು ಒತ್ತುಯಂತ್ರಕ್ಕೆ ಹಾಕುತ್ತಾರೆ. ಬಿಸಿ ಮಾಡುವಾತ ಗಡಿಯಾರವನ್ನಾಗಲಿ ತಾಪಮಾಪಕವನ್ನಾಗಲಿ ನೋಡಲಿಲ್ಲ. ಚಿಟಿಕೆ ಹಿಟ್ಟು ತೆಗೆದು ಬೆರಳುಗಳ ನಡುವೆ ಹಿಸುಕಿ ನೋಡಿ, ತಲೆಯಾಡಿಸಿ, ಇಳಿಸಿದ. ತನ್ನ ತವರಿನಲ್ಲಿ ಎತ್ತಿನ ಗಾಣ ನೋಡಿದ್ದ ಅಮ್ಮ ಹಿಂಡಿಯನ್ನು ಕೈಯಲ್ಲಿ ಹಿಡಿದು ಮೂಸಿ, ಇದನ್ನು ದನಗಳಿಗೆ ಹಾಕುತ್ತಾರೆಯೇ ಎಂದು ತಂಗಿಯ ಕೈಯಲ್ಲಿ ಫ್ರೆಂಚಿನಲ್ಲಿ ಕೇಳಿಸಿದರು. ಯಾವ ಪ್ರಸಿದ್ಧ ಪಟ್ಟಿಯಲ್ಲೂ ಮೊದಲಿಗೆ ಬಾರದ ಈ ಗಿರಣಿ, ಅಮ್ಮನ ಮಟ್ಟಿಗೆ ಇಡೀ ಪ್ರವಾಸದ ಮೊದಲ ಸ್ಥಾನದಲ್ಲಿದೆ.

ಗುರುವಾರ ಲೆಜೇಜಿ. 1868ರಲ್ಲಿ ರೈಲುಮಾರ್ಗದ ಕೆಲಸದ ಹೊತ್ತಿಗೆ ಕ್ರೋಮ್ಯಾನ್ಯನ್ ಎಂಬ ಆದಿಮಾನವರ ಎಲುಬುಗಳು ಸಿಕ್ಕಿದ ಬಂಡೆಯ ಆಸರೆ ಈ ಊರಿನಲ್ಲೇ ಇದೆ. ಇಲ್ಲಿ ಮತ್ತೆ ಎರಡು ಗುಂಪಾದೆವು. ವಸ್ತುಸಂಗ್ರಹಾಲಯಕ್ಕೆ ಮೂವರು, ಫೋಂ ದ ಗೋಮ್ ಗುಹೆಗೆ ನಾನೊಬ್ಬಳೇ. ಗುಹೆಯ ಬಾಗಿಲಿಗೆ ಏರುದಾರಿಯಲ್ಲಿ ನಡೆಯಬೇಕು, ಒಳಗೆ ಹಾದಿ ಭುಜ ತಾಗುವಷ್ಟು ಇಕ್ಕಟ್ಟು. ಬಹುವರ್ಣದ ಮೂಲ ಚಿತ್ರಗಳನ್ನು ಸಾರ್ವಜನಿಕರು ಇನ್ನೂ ನೋಡಬಹುದಾದ ಕೆಲವೇ ಗುಹೆಗಳಲ್ಲಿ ಇದೊಂದು, ಆದ್ದರಿಂದ ದಿನಕ್ಕೆ ಕೆಲವು ಹತ್ತರ ಲೆಕ್ಕದಲ್ಲಷ್ಟೇ ಜನರನ್ನು ಬಿಡುತ್ತಾರೆ. ತಂಗಿ ತಿಂಗಳುಗಳ ಮೊದಲೇ ಒಂದೇ ಒಂದು ಟಿಕೆಟ್ ಹಿಡಿದಿಟ್ಟು, ಅದನ್ನು ನನಗೆ ಕೊಟ್ಟಳು. 1901ರಲ್ಲಿ ಈ ಚಿತ್ರಗಳನ್ನು ಗುರುತಿಸಿದ ದೆನಿ ಪೆರೊನಿ ಈ ಊರಿನ ಶಾಲಾ ಮೇಷ್ಟ್ರು.

ಮಾರ್ಗದರ್ಶಿ ದೀಪವನ್ನು ಗೋಡೆಗೆ ನೇರವಾಗಿ ಹಿಡಿದಾಗ ನನಗೆ ಕಂದು ಕಲೆಗಳಷ್ಟೇ ಕಂಡವು. ಆಕೆ ದೀಪವನ್ನು ನಿಧಾನವಾಗಿ ಬದಿಗೆ ಸರಿಸಿದಂತೆ ಕಲ್ಲಿನ ಉಬ್ಬು ಕಾಡುಕೋಣದ ಭುಜವಾಯಿತು, ಕಲ್ಲಿನ ಬಿರುಕು ಹೊಟ್ಟೆಯ ಗೆರೆಯಾಯಿತು. ಬರೆದವರು ಪ್ರಾಣಿಯನ್ನು ಬಂಡೆಯಲ್ಲೇ ಕಂಡು, ಇದ್ದದ್ದಕ್ಕೆ ಬಣ್ಣ ಹಚ್ಚಿದ್ದಾರೆ. ಮುಂದೆ ಎರಡು ಹಿಮಸಾರಂಗಗಳು: ಒಂದು ಮುಂಗಾಲು ಮಡಿಸಿ ತಗ್ಗಿದೆ, ಇನ್ನೊಂದು ಕತ್ತು ಬಗ್ಗಿಸಿ ಅದರ ಹಣೆಯನ್ನು ನೆಕ್ಕುತ್ತಿದೆ. ನಾಲಿಗೆಯ ಗೆರೆ ಬೆರಳಿನಷ್ಟು ಸಣ್ಣದು. ಒಳಗೆ ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಅದನ್ನು ಮನಸ್ಸಿಟ್ಟು ನೋಡಿದೆ.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಮನೆಯ ಬೀಗ ಕೊಟ್ಟು ಹೊರಟೆವು. ತುಲೂಸ್ ದಾರಿಯಲ್ಲಿ ಸೂಯಾಕ್ ದಾಟಿದ ಮೇಲೆ ರೊಕಾಮಾದೂರ್ ಕಡೆಗೆ ತಿರುವು ಸಿಗುತ್ತದೆ. ಹೇಗೂ ಮರಳುವ ದಾರಿಯಲ್ಲಿರುವ ಸ್ಥಳಕ್ಕೆಂದೇ ಒಂದು ಇಡೀ ಹಗಲನ್ನು ನಾವು ಮೊದಲ ದಿನ ಸವೆಸಿದ್ದೆವು. ತಂಗಿ ಕಾರು ನಿಧಾನಿಸಿ, “ಅಮ್ಮ, ಲಿಫ್ಟ್ ಇದೆ, ಹೋಗೋಣವಾ?” ಎಂದಳು. ಚಿತ್ರಾನ್ನದ ಡಬ್ಬಿ ಜೊತೆಗಿದೆಯೇ ಎಂದು ಕೇಳಿಕೊಂಡು ಅಮ್ಮ ಒಪ್ಪಿದರು.

ಬಂಡೆಗೆ ಆನಿಸಿ ಕಟ್ಟಿದ ಆ ಗುಡಿಯ ಚಾವಣಿಯಿಂದ, ಸಮುದ್ರದಲ್ಲಿ ಉಳಿದು ಬಂದ ನಾವಿಕರು ಹರಕೆಯಾಗಿ ಕೊಟ್ಟ ಪುಟ್ಟ ಹಡಗುಗಳು ತೂಗುತ್ತವೆ. ಮೇಲೆ ಕುಳಿತ ಕಪ್ಪು ಮೇರಿ ಮಾತೆಯ ಮೂರ್ತಿ ಒಂದು ಮಗುವಿನಷ್ಟೇ ಎತ್ತರ, ಹನ್ನೆರಡನೆಯ ಶತಮಾನದ್ದು. ಅದನ್ನು ಅಕ್ರೋಟ್ ಮರದಲ್ಲಿ ಕೆತ್ತಿದ್ದಾರೆಂದು ತಂಗಿ ಓದಿ ಹೇಳಿದಳು. ಅಮ್ಮ ಕೈಚೀಲದಲ್ಲಿ ತಡಕಾಡಿ, ಬುಧವಾರದ ಸಂತೆಯಲ್ಲಿ ಕೊಂಡಿದ್ದರಲ್ಲಿ ಉಳಿದಿದ್ದ ಮೂರು ಅಕ್ರೋಟ್ ತೆಗೆದು, ಇಡಬಹುದೇ ಎಂದು ಸುತ್ತ ನೋಡಿದರು. ಬೇರೆಯವರು ಮೇಣದಬತ್ತಿಯನ್ನಷ್ಟೇ ಇಟ್ಟಿದ್ದರು. ಹಾಗಾಗಿ ಅವರೂ ಒಂದು ಮೇಣದಬತ್ತಿ ಹಚ್ಚಿ, ಅಕ್ರೋಟನ್ನು ಮೊಮ್ಮಗನ ಕೈಗೆ ಕೊಟ್ಟರು.